ಇಮಾಂಸಾಬ ಕಾಕಾ ಬಿಚ್ಚಿಟ್ಟ ರೇಡಿಯೋ

"ಬಾದನಹಟ್ಟಿ ಗೌಡ್ರಿಗೆ ನಿನ್ನಿಯಿಂದ ಗಂಟಲಾ ಕಟ್ಟೈತಿ ನೋಡು."

ಇಮಾಂಸಾಬ ಕಾಕಾ ಚಹಾ ಕುಡಿಯುತ್ತಾ ಹೀಗೆ ಹೇಳಿದಾಗ, ಅಯ್ಯೋ ಪಾಪ, ದವಾಖಾನೆಗೆ ತೋರಿಸಿದರೇನು ಅಂತ ಕೇಳಿಬಿಟ್ಟಿದ್ದೆ. ಗೌಡರು ಸತ್ತು ಎಷ್ಟೋ ವರ್ಷ ಆಗಿತ್ತು. ಗಂಟಲು ಕಟ್ಟಿದ್ದು ಗೌಡರ ರೇಡಿಯೋಕ್ಕೆ! ಕುರುಗೋಡಿನ ಬಸ್ ಸ್ಟ್ಯಾಂಡಿನ ಎದುರು ನಾನು ಚಹಾದಂಗಡಿ ಇಟ್ಟ ಹೊಸತು ಅದು. ಪಕ್ಕದ್ದೇ ಕಾಕಾನ ರಿಪೇರಿ ಅಂಗಡಿ. ಅಲ್ಲಿದ್ದ ರೇಡಿಯೋಗಳನ್ನೆಲ್ಲ ಅವರು ಯಜಮಾನರ ಹೆಸರಿನಿಂದಲೇ ಕರೆಯುತ್ತಿದ್ದರು. ಪೋಸ್ಟ್ ಮಾಸ್ತರಿಗೆ ಇವತ್ತು ಆರಾಮ, ಕಿರಾಣಿ ಶೆಟ್ರು ಯಾಕೋ ಮುನಿಸಿಕೊಂಡಾರ, ಹೀಗೆ.

ಅಷ್ಟು ರೇಡಿಯೋ ಅಲ್ಲಿ ಸೇರಿದ್ದು ಹೇಗೆ ಅಂದರೆ, ಕಾಕಾ ಹೇಳಿದ ಹೊತ್ತಿಗೆ ಕೆಲಸ ಮುಗಿಸಿಕೊಟ್ಟವರೇ ಅಲ್ಲ. ಬಂದವರಿಗೆಲ್ಲ "ನಾಳಿ ಬರ್ರಿ" ಒಂದೇ ಮಂತ್ರ. ನಾಳೆ ನಾಳೆ ಅನ್ನುವಷ್ಟರಲ್ಲಿ ಊರಿಗೆ ಟೀವಿ ಬಂತು, ಆಮೇಲೆ ಮೊಬೈಲು ಬಂತು, ಯಜಮಾನರೂ ಒಬ್ಬೊಬ್ಬರೇ ಹೋದರು. ರೇಡಿಯೋಗಳು ಮಾತ್ರ ಕಾಕಾನ ಹಲಗೆಯ ಮೇಲೆ ಉಳಿದವು. ಗುಜರಿಯವನಿಗೆ ಒಂದನ್ನೂ ಕೊಡಲಿಲ್ಲ. ಯಾರ ಮಗನೋ ಮೊಮ್ಮಗಳೋ ಬಸ್ಸಿಗೆ ಕಾಯುತ್ತಾ ನಿಂತರೆ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಇದು ನಿಮ್ಮಜ್ಜನದು, ಮದುವ್ಯಾಗ ಬೀಗರು ಕೊಟ್ಟಿದ್ದು ಅಂತ ಹಚ್ಚಿ ಕೇಳಿಸುತ್ತಿದ್ದರು. ಎಷ್ಟೋ ಮಂದಿಗೆ ಬಸ್ಸು ತಪ್ಪಿದ್ದೂ ಇದೆ. ಬೈಸಿಕೊಳ್ಳುತ್ತಿದ್ದವನು ಪಕ್ಕದಲ್ಲಿದ್ದ ನಾನು.

ಎಲ್ಲಕ್ಕಿಂತ ಅವರ ಜೀವ ಇದ್ದದ್ದು ಊರ ರೇಡಿಯೋದ ಮೇಲೆ. ಮನೆಮನೆಗೆ ರೇಡಿಯೋ ಇಲ್ಲದ ಕಾಲದಲ್ಲಿ ಪಂಚಾಯ್ತಿಯವರು ಕಟ್ಟೆಯ ಮೇಲೆ ಇಡಿಸಿದ್ದ ದೊಡ್ಡ ಪೆಟ್ಟಿಗೆ ಅದು. ಬೇವಿನ ಮರಕ್ಕೆ ಅದರ ಕಹಳೆಯಂಥ ಸ್ಪೀಕರು ಕಟ್ಟಿದ್ದರಂತೆ. ಸಂಜೆ ಅದನ್ನು ಹಚ್ಚುವ ಕೆಲಸ ಕಾಕಾನ ಅಪ್ಪನದು. ಹತ್ತಿಯ ಧಾರಣೆ, ವಾರ್ತೆ, ಹಾಡು, ನಾಟಕ, ಎಲ್ಲ ಊರೇ ಕೂತು ಕೇಳುತ್ತಿತ್ತು. ಹಳೇ ಪಂಚಾಯ್ತಿ ಕಟ್ಟಡ ಕೆಡವಿದಾಗ ಆ ಪೆಟ್ಟಿಗೆ ಮುರುಕು ಕುರ್ಚಿಗಳ ಜೊತೆ ಬಳ್ಳಾರಿಯ ಗುಜರಿಗೆ ಹೊರಟಿತ್ತು. ಕಾಕಾ ಟೆಂಪೋ ಹತ್ತಿ ಅದರ ಪಕ್ಕ ಕೂತುಬಿಟ್ಟರು. ನನ್ನೂ ಗುಜರಿಗೇ ಹಾಕ್ರಿ ಅಂದರಂತೆ. ಕೊನೆಗೆ ಇಬ್ಬರನ್ನೂ ಇಳಿಸಿಹೋದರು.

ಅದನ್ನು ಮಾತಾಡಿಸಿದ್ದಾಯಿತು. ಆಮೇಲೆ ಕಾಕಾನದು ಒಂದೇ ಹಟ: ಇದು ಊರಲ್ಲೇ ಇರಬೇಕು, ನಾಲ್ಕು ಮಂದಿ ಬಂದು ಕೇಳುವ ಜಾಗದಲ್ಲಿರಬೇಕು. ಬಳ್ಳಾರಿಯ ಹೋಟೆಲಿನವರೊಬ್ಬರು ಶೋಕಿಗೆ ಬಾಗಿಲಲ್ಲಿ ಇಡುತ್ತೇವೆ, ಕೊಡಿ ಅಂತ ಕಾರು ತಗೊಂಡು ಬಂದಿದ್ದರು. ಕಾಕಾ ಅವರಿಗೆ ನನ್ನ ಹತ್ತಿರ ಚಹಾ ಹೇಳಿ, "ಅಲ್ಲಿ ಇದರ ಗುರ್ತು ಯಾರಿಗೈತ್ರಿ? ಇಲ್ಲಿ ಇದರ ದನಿ ಕೇಳಿ ದೊಡ್ಡವರಾದೋರು ಇನ್ನೂ ಅದಾರ" ಅಂತ ಕಳಿಸಿಕೊಟ್ಟರು. ಓಡಾಡಿ ಓಡಾಡಿ ಕೊನೆಗೆ ಊರ ಲೈಬ್ರರಿಯಲ್ಲಿ ಒಂದು ಮೂಲೆ ಸಿಕ್ಕಿತು. ಸಂಜೆ ಅಲ್ಲಿ ಹಾಡು ಶುರುವಾದರೆ ಮುದುಕರು ಕೋಲೂರಿಕೊಂಡು ಬಂದು ಕೂರುತ್ತಿದ್ದರು. ಕಾಕಾನ ಮುಖ ಆಗ ನೋಡಬೇಕಿತ್ತು.

ದೃಷ್ಟಿ ತಾಕಿತು ಅನ್ನಿ. ಆಯುಧಪೂಜೆಯ ದಿನ ಲೈಬ್ರರಿಯ ಅಟೆಂಡರ್ ವೀರೇಶ ಭಕ್ತಿಯಿಂದ ರೇಡಿಯೋಕ್ಕೆ ವಿಭೂತಿ ಬಳಿದ, ಚೆಂಡುಹೂವಿನ ಹಾರ ಹಾಕಿದ. ಅಷ್ಟಕ್ಕೇ ನಿಲ್ಲಲಿಲ್ಲ. ಪೂಜೆಯ ಹೊತ್ತಿಗೆ ಅದು ಹಾಡುತ್ತಿರಲಿ ಅಂತ ಹಚ್ಚಿ, ಮೇಲೆಯೇ ತೆಂಗಿನಕಾಯಿ ಒಡೆದು ನೀರು ಹೊಯ್ದ. ಒಳಗೆ ಕೆಂಪಗೆ ಕಾದಿದ್ದ ಗಾಜಿನ ವಾಲ್ವು ಟಪ್ಪಂತ ಸೀಳಿತು. ಹಾಡು ನಿಂತಿತು. ವೀರೇಶ ಅಲ್ಲೇ ಕೂತು ಅತ್ತುಬಿಟ್ಟ. ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಪೆಟ್ಟಿಗೆ ಒರೆಸುತ್ತಾ, "ಮರ್ಯಾದಿ ಮಾಡಾಕ ಹೋಗಿ ಆಗೈತಿ, ಅಳಬ್ಯಾಡ ಬಿಡು" ಅಂದರು. ನಾನಾಗಿದ್ದರೆ ಆ ಕಾಯಿಯನ್ನು ಅವನ ತಲೆಯ ಮೇಲೆ ಒಡೆಯುತ್ತಿದ್ದೆ.

ಕಾಯಿನೀರು ಒಳಗೆಲ್ಲ ಅಂಟಿಕೊಂಡಿತ್ತು. ಕಾಕಾ ರೇಡಿಯೋವನ್ನು ಅಂಗಡಿಗೆ ತಂದು ಪೂರ್ತಿ ಬಿಚ್ಚಿ, ಒಂದೊಂದು ಸಾಮಾನನ್ನೂ ತೊಳೆದು ಒರೆಸಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ವಾಲ್ವು ಸಿಕ್ಕ ದಿನ ಜೋಡಿಸಿದರಾಯಿತು ಅಂದರು. ಆ ವಾಲ್ವು ಬಳ್ಳಾರಿಯಲ್ಲಿ ಎಲ್ಲೂ ಸಿಗಲಿಲ್ಲ. ಸಿರುಗುಪ್ಪದಲ್ಲಿ ಅಕ್ಕಿಮಿಲ್ಲಿನವರ ಮನೆಯಲ್ಲಿ ಅಂಥದೇ ಒಂದು ರೇಡಿಯೋ ಕೆಟ್ಟು ಕೂತಿದೆ ಅಂತ ಯಾರೋ ಹೇಳಿದರು. ಅಂಗಡಿ ಮುಚ್ಚಿ ನಾನೂ ಜೊತೆಗೆ ಹೋದೆ.

ಮನೆಯಲ್ಲಿದ್ದದ್ದು ರತ್ನಮ್ಮ ಅನ್ನುವ ಮುದುಕಿ, ಕನ್ನಡದಲ್ಲಿ ಅರ್ಧ ತೆಲುಗು ಬೆರೆಸಿ ಮಾತಾಡುವವರು. ತೀರಿಹೋದ ಗಂಡ ಕೇಳುತ್ತಿದ್ದ ರೇಡಿಯೋ ಅಂತ ದಿನಾ ಒರೆಸಿಡುತ್ತಿದ್ದರು. ರಿಪೇರಿಯವರು ಬಂದಾರ ಅಂತ ಆಕೆಗೆ ಆದ ಸಂತೋಷ ನೋಡಿ ಕಾಕಾ ವಾಲ್ವಿನ ಮಾತೇ ಎತ್ತಲಿಲ್ಲ. ಹಿಂದಿನ ಮುಚ್ಚಳ ತೆಗೆದರು. ನಮಗೆ ಬೇಕಾದ ವಾಲ್ವು ಅಲ್ಲಿ ಗಟ್ಟಿಮುಟ್ಟಾಗಿ ಕೂತಿತ್ತು. ಕೆಟ್ಟದ್ದು ಬೇರೆ ಎಂಥದೋ ಒಂದು ತಂತಿ. ಅದನ್ನು ಬೆಸೆದರು, ರೇಡಿಯೋ ಕೆಮ್ಮಿ ಕೆಮ್ಮಿ ಹಾಡಿತು. ರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಏನು ಕೆಲಸದ ಮೇಲೆ ಬಂದಿದ್ದಿರಿ ಅಂತ ಕೇಳಿದರು. ಸುಮ್ನ, ರೇಡಿಯೋ ನೋಡಾಕ ಬಂದಿದ್ವಿ ಅಂದರು ಕಾಕಾ. ಮಜ್ಜಿಗೆ ಕುಡಿದು ಬರಿಗೈಯಲ್ಲಿ ಹೊರಟೆವು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಬೈದೆ. ನಿಮಗೇನು ತಲೆ ಕೆಟ್ಟೈತೇನು, ಊರ ರೇಡಿಯೋ ದೊಡ್ಡದೋ ಒಬ್ಬ ಮುದುಕಿಯದು ದೊಡ್ಡದೋ ಅಂತ. ಕಾಕಾ ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಾ ಕೂತಿದ್ದರು. ಊರು ಹತ್ತಿರ ಬಂದಾಗ, "ಮಾತಾಡೋ ರೇಡಿಯೋದ ಬಾಯಿ ಹೆಂಗ ಕಟ್ಟಲಿ ಪಂಪಾಪತಿ?" ಅಂದರು. ಅಷ್ಟೇ.

ಆ ಚಳಿಗಾಲ ಕಾಕಾಗೆ ಎದೆನೋವು ಬಂತು. ಬಳ್ಳಾರಿಗೆ ಒಯ್ದೆವು, ಉಳಿಯಲಿಲ್ಲ. ಬಿಳಿ ಬಟ್ಟೆಯ ಮೇಲಿನ ಸಾಮಾನು ಹಾಗೇ ಇತ್ತು. ಬಳ್ಳಾರಿಯಿಂದ ಇಬ್ಬರು ರಿಪೇರಿಯವರನ್ನು ಕರೆಸಿ ತೋರಿಸಿದೆವು. ನಾವು ಇಂಥದನ್ನು ಕಂಡೇ ಇಲ್ಲ, ಮುಟ್ಟಿ ಕೆಡಿಸೋದು ಬ್ಯಾಡ ಅಂತ ಹೋದರು. ವೀರೇಶ ಬಟ್ಟೆಸಮೇತ ಅದನ್ನು ಲೈಬ್ರರಿಗೆ ಒಯ್ದು ಗಾಜಿನ ಬೀರುವಿನಲ್ಲಿಟ್ಟ.

ಕಾಕಾ ತೀರಿದ ನಲವತ್ತನೇ ದಿನದ ಫಾತಿಹಾ ಇನ್ನೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಸಿರುಗುಪ್ಪದ ಕಡೆಯ ಬಸ್ಸಿನಿಂದ ರತ್ನಮ್ಮ ಇಳಿದರು. ಕುರುಗೋಡಿನ ಯಾರಿಂದಲೋ ಪೂಜೆಯ ಕತೆಯೆಲ್ಲ ಅವರಿಗೆ ತಿಳಿದಿತ್ತು, ನಾವು ಅವತ್ತು ಯಾಕೆ ಬಂದಿದ್ದೆವು ಅನ್ನುವುದೂ. ಕಾಕಾ ಹೋದದ್ದು ಮಾತ್ರ ತಿಳಿದಿರಲಿಲ್ಲ. ಸೆರಗಿನ ಗಂಟು ಬಿಚ್ಚಿದರು. ಹತ್ತಿಯಲ್ಲಿ ಸುತ್ತಿದ ವಾಲ್ವು! ತಾವೇ ತಮ್ಮ ರೇಡಿಯೋದಿಂದ ಕಿತ್ತು ತಂದಿದ್ದರು.

ಸುದ್ದಿ ಹೇಳಿದೆ. ಆಕೆ ಬೆಂಚಿನ ಮೇಲೆ ಕುಸಿದು ಕೂತು, ಮುಚ್ಚಿದ ಅಂಗಡಿಯ ಕಡೆ ನೋಡುತ್ತಾ, "ಅವತ್ತೇ ಒಂದು ಮಾತು ಕೇಳಬಾರದಾಗಿತ್ತಾ ನಾಯನಾ" ಅಂದರು. ಆಮೇಲೆ ವಾಲ್ವನ್ನು ನನ್ನ ಕಡೆ ಚಾಚಿದರು. ಊರ ರೇಡಿಯೋಕ್ಕೇ ಇರಲಿ, ಯಾವತ್ತಾದರೂ ಜೋಡಿಸುವವರು ಸಿಗಬಹುದು ಅಂದರು.

ನಾನು ಕೈ ಚಾಚಿದೆ, ಸುಳ್ಳು ಯಾಕೆ ಹೇಳಲಿ. ಎಷ್ಟು ಹುಡುಕಿದ್ದೆವು ಅದನ್ನು! ಅಂಗೈ ಮೇಲೆ ಅದಕ್ಕೆ ಭಾರವೇ ಇರಲಿಲ್ಲ. ಮತ್ತೆ ಹತ್ತಿಯಲ್ಲಿ ಸುತ್ತಿ ಅವರ ಸೆರಗಿಗೇ ಕಟ್ಟಿ, "ಮನಿಗೆ ಹೋಗಿ ಹಾಕ್ಕೊಂಡು ಕೇಳ್ರಿ ಅಮ್ಮಾ" ಅಂದು, ನನ್ನ ಫೋನ್ ನಂಬರ್ ಬರೆದುಕೊಟ್ಟು ಬಸ್ಸು ಹತ್ತಿಸಿದೆ.

ಮರುದಿನ ಸಂಜೆ ಅವರ ಫೋನ್ ಬಂತು. ಮಾತಿಲ್ಲ, ರೇಡಿಯೋದ ಹತ್ತಿರ ಹಿಡಿದಿದ್ದರು. ಯಾವುದೋ ಹಳೇ ಹಾಡು ಕರಕರ ಅಂತ ಬರುತ್ತಿತ್ತು. ಕೇಳ್ರಿಲ್ಲಿ ಕಾಕಾ ಅಂತ ಫೋನ್ ಹಿಡಿದುಕೊಂಡೇ ಪಕ್ಕದ ಅಂಗಡಿಗೆ ಓಡಿದೆ. ಷಟರಿಗೆ ಬೀಗ ಹಾಕಿತ್ತು.