ಹಸಿ ವಾಸನೆ ಹೋಗುವ ತನಕ

ಹೆಬ್ಬಾಳದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ ಅದು. ಯಲಹಂಕದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಸುಗಂಧ ಕಾರ್ಖಾನೆಯಲ್ಲಿ ನಾನು ಸೀನಿಯರ್ ಪರ್ಫ್ಯೂಮರ್ ಆಗಿದ್ದೆ. ಯಾವ ಎಣ್ಣೆ ಎಷ್ಟು ಹನಿ ಬೀಳಬೇಕು ಅಂತ ಸೂತ್ರ ಬರೆಯೋದು ಪರ್ಫ್ಯೂಮರ್ ಕೆಲಸ. ಹುದ್ದೆಯ ಹೆಸರು ಕೇಳಿದವರು ಪ್ಯಾರಿಸ್ ಅಂದುಕೊಳ್ಳುತ್ತಿದ್ದರು. ಮೂವತ್ತು ವರ್ಷ ನಾನು ಮಾಡಿದ್ದು ಫಿನೈಲಿಗೆ ನಿಂಬೆ, ಬಟ್ಟೆ ಸೋಪಿಗೆ ಮಲ್ಲಿಗೆ, ಊದುಬತ್ತಿಗೆ ಚಂದನ. ನಿಮ್ಮ ಬಚ್ಚಲುಮನೆಗೂ ನಾನು ಬಂದು ಹೋಗಿರಬಹುದು. ಮೈಗೆ ಹಚ್ಚಿಕೊಳ್ಳುವಂಥ ಪರ್ಫ್ಯೂಮ್ ಒಂದನ್ನಾದರೂ ಮಾಡಿ ನಿವೃತ್ತಳಾಗಬೇಕು ಅನ್ನೋ ಆಸೆ ಮಾತ್ರ ಬಿಟ್ಟಿರಲಿಲ್ಲ. ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಸಮಾಧಾನ ಅನ್ನೋದು ನನ್ನ ಜಾತಕದಲ್ಲೇ ಇಲ್ಲ. ಅನ್ನ ಕೊಡುತ್ತಿದ್ದದ್ದು ಮೂಗು, ಕೋಪವೂ ಅದರ ತುದಿಯಲ್ಲೇ ಇರುತ್ತಿತ್ತು.

ಅಂಥ ಹೊತ್ತಿನಲ್ಲಿ ಪಾಟೀಲರು ಬಂದರು. ಬೆಳಗಾವಿ ಕಡೆಯವರು, ಯಶವಂತಪುರದಲ್ಲಿ ಚರ್ಮದ ಬ್ಯಾಗು, ಬೆಲ್ಟು ಮಾಡಿಸಿ ಮಾರುತ್ತಿದ್ದರು. ಅಂಗಡಿಗೆ ತಮ್ಮದೇ ಒಂದು ಪರ್ಫ್ಯೂಮ್ ಬೇಕಂತೆ.

"ಈಗಷ್ಟ ಕೊಯ್ದ ಹುಲ್ಲಿನ ಮ್ಯಾಲೆ ಕುದುರಿ ಜೀನು ಒಗದಂಗ ಇರಬೇಕ್ರೀ ಮೇಡಂ. ಅಂಜಬ್ಯಾಡ್ರಿ, ಮೂಗಿಗೆ ಬಡೀಲಿ!"

ನಮ್ಮ ವೃತ್ತಿಯಲ್ಲಿ ಇದಕ್ಕೆ ಗ್ರೀನ್ ಲೆದರ್ ಅನ್ನುತ್ತೇವೆ. ಕೇಳಿ ನನಗೆ ಕುಣಿಯೋಣ ಅನ್ನಿಸಿತು. ನಮ್ಮ ಮಾಲೀಕರಿಗೆ ಅಷ್ಟು ಉತ್ಸಾಹವಿರಲಿಲ್ಲ. "ಈ ತಿಂಗಳೊಳಗೆ ಅವರು ಒಪ್ಪಿದ್ರೆ ಸರಿ ಮೇಡಂ, ಇಲ್ಲಾಂದ್ರೆ ಫಿನೈಲೇ ನೋಡ್ಕೊಳ್ಳಿ" ಅಂದರು.

ಹಸಿರಿಗೆ, ಅಂದರೆ ಗ್ರೀನ್ ನೋಟಿಗೆ, ಗ್ಯಾಲ್ಬನಮ್ ಎಂಬ ಗಿಡದ ಅಂಟು ತಗೊಂಡೆ. ಎಳೆ ಅವರೆಕಾಯಿ ಮುರಿದಾಗ ಮೂಗಿಗೆ ಚುರುಕ್ಕನ್ನುತ್ತಲ್ಲ, ಅದೇ ಗುಣ. ಚರ್ಮಕ್ಕೆ ಕ್ವಿನೋಲಿನ್ ಅಂತ ಒಂದು ರಾಸಾಯನಿಕ. ಚೂರು ಹೆಚ್ಚಾದರೆ ಟೈರ್ ಅಂಗಡಿಯೇ ಸರಿ. ತಳಕ್ಕೆ ಲಾವಂಚ. ಹಗುರವಾದದ್ದು ಮೊದಲು ಹಾರಿಹೋಗುತ್ತೆ, ಭಾರವಾದದ್ದು ಸಂಜೆವರೆಗೂ ಉಳಿಯುತ್ತೆ. ಹಾಗಾಗಿ ಕಾಗದದ ಪಟ್ಟಿಯಲ್ಲಿ ಮೂಸಿದರೆ ಸಾಲದು, ಮೈಮೇಲೆ ಹಚ್ಚಿ ಗಂಟೆಗೊಮ್ಮೆ ನೋಡಬೇಕು. ಅದಕ್ಕೆ ನಾನು ನೆಚ್ಚಿದ್ದು ರತ್ನಮ್ಮನ ಕೈಯನ್ನು. ಎಣ್ಣೆಗಳನ್ನು ತೂಗಿ ಕೊಡುವ ಕೆಲಸ ಅವಳದು. ಸೋಲದೇವನಹಳ್ಳಿಯ ಹಳೇ ಮನೆತನದವಳು, ಅವಳ ನಾಲಿಗೆಗೆ 'ಹ' ಬರುತ್ತಲೇ ಇರಲಿಲ್ಲ.

ಒಂಬತ್ತನೇ ಟ್ರಯಲ್ ಬೆರೆಸಿದ ದಿನ ನಾನೇ ಮೊದಲು ಮೂಸಿದೆ. ಇದೇ ಅದು ಅಂತ ಗೊತ್ತಾಗಿಬಿಟ್ಟಿತ್ತು. ರತ್ನಮ್ಮ ಮಣಿಕಟ್ಟು ಮೂಸಿ ಮುಖ ಹಿಂಡಿದಳು.

"ಅಸಿ ವಾಸ್ನೆ ಇನ್ನೂ ಓಗಿಲ್ಲ ಮೇಡಂ."

ಹಸಿ ಅಂದರೆ ಹಸಿರು ಅಂತಲೇ ನನ್ನ ತಲೆಗೆ ಹೋಯಿತು. ಹಗಲೂರಾತ್ರಿ ಹಸಿರು ಹಸಿರು ಅಂತ ಜಪಿಸುತ್ತಿದ್ದವಳಿಗೆ ಇನ್ನೇನು ಹೊಳೆದೀತು! ಒಂಬತ್ತನ್ನು ಸಿಂಕಿಗೆ ಸುರಿದು, ಗ್ಯಾಲ್ಬನಮ್ ಅರ್ಧ ಮಾಡಿದೆ. ಹತ್ತಕ್ಕೂ ಅವಳದು ಅದೇ ಮಾತು. ಇನ್ನೂ ಇಳಿಸಿದೆ. ಹನ್ನೊಂದಕ್ಕೂ ಅದೇ. ಹನ್ನೆರಡಕ್ಕೆ ಒಂಚೂರು ವೆನಿಲ್ಲಾ ಹಾಕಿದರೂ "ಅಸಿ" ಅಂದಾಗ ನನಗೆ ರೇಗಿಹೋಯಿತು.

"ನಿನಗೇನು ಗೊತ್ತೇ ಗ್ರೀನ್ ನೋಟ್ ಅಂದ್ರೆ? ತೂಗೋದು ನಿನ್ನ ಕೆಲಸ, ತೂಗು!"

ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ರತ್ನಮ್ಮ ಕೈ ತೊಳೆದುಕೊಂಡು ಹೋದಳು. ಆಮೇಲೆ ಏನು ಕೇಳಿದರೂ "ಚೆನ್ನಾಗೈತೆ ಮೇಡಂ" ಅಷ್ಟೇ.

ವೆನಿಲ್ಲಾ ಇನ್ನಷ್ಟು ಸುರಿದು, ಅವಳು ಚೆನ್ನಾಗೈತೆ ಅಂದ ಹದಿಮೂರನೇ ಟ್ರಯಲ್ಲನ್ನು ಪಾಟೀಲರಿಗೆ ಕೊಟ್ಟೆ. ಅವರು ಮೂಸಿ, ಪಟ್ಟಿಯನ್ನು ಮೇಜಿನ ಮೇಲಿಟ್ಟರು.

"ಸಿಟ್ಟಾಗಬ್ಯಾಡ್ರಿ ಮೇಡಂ. ಇದು ನಮ್ಮ ಅತ್ತಿಯವರ ಪೌಡರ್ ಡಬ್ಬಿ ಆಗೇದ. ಹುಲ್ಲು ಎಲ್ಲಿ ಹೋತು, ಚರ್ಮ ಎಲ್ಲಿ ಹೋತು? ನಾಕ ದಿನ ಬಿಟ್ಟು ಮತ್ತ ಬರ್ತೀನಿ. ಆಗಲಿಲ್ಲಂದ್ರ ಬಿಡೂಣು."

ಮರುದಿನ ಕಾರ್ಖಾನೆಯ ಊಟದ ಕೋಣೆಯಲ್ಲಿ ಕೂತರೂ ಮನಸ್ಸು ಸೂತ್ರದಲ್ಲೇ. ಎದ್ದೆ, ಕೂತೆ, ಮತ್ತೆ ಎದ್ದೆ. ಪಕ್ಕದ ಮೇಜಿನಲ್ಲಿ ರತ್ನಮ್ಮ ಪ್ಯಾಕಿಂಗ್ ಹುಡುಗಿಯೊಬ್ಬಳ ಡಬ್ಬಿಯ ಸಾರು ನೆಕ್ಕಿ ನೋಡಿ ಬುದ್ಧಿ ಹೇಳುತ್ತಿದ್ದಳು.

"ಮಸಾಲೆ ಅಸಿ ವಾಸ್ನೆ ಓಗಗಂಟ ಕುದೀಬೇಕು ಕಣವ್ವ. ಆತ್ರ ಬಿದ್ರೆ ಎಂಗೆ?"

ನಾನು ಅಲ್ಲೇ ನಿಂತುಬಿಟ್ಟೆ. ಅಯ್ಯೋ ನನ್ನ ಕರ್ಮವೇ! ಮೂವತ್ತು ವರ್ಷ ನನ್ನ ಅಡುಗೆಮನೆಯಲ್ಲೂ ಅದೇ ಮಾತು ಆಡಿದವಳು ನಾನು.

"ರತ್ನಮ್ಮ, ಅವತ್ತು ನೀನು ಹಸಿ ಅಂದಿದ್ದು ಏನನ್ನ?"

ಅವಳು ತಲೆ ಎತ್ತಲಿಲ್ಲ. "ಇನ್ನೂ ಒಂದಕ್ಕೊಂದು ಕೂಡ್ಕಂಡಿಲ್ಲ ಅಂದೆ. ಎಲೆ ಒಂದ್ ಕಡೆ, ತೊಗಲು ಒಂದ್ ಕಡೆ, ಸ್ಪಿರಿಟ್ಟು ಒಂದ್ ಕಡೆ ನಿಂತಿತ್ತು. ನೀವು ಬೈದ್ರಿ. ಸುಮ್ಕಾದೆ."

ಮೈಗೆ ಹಚ್ಚುವ ಪರ್ಫ್ಯೂಮನ್ನು ಆಲ್ಕೊಹಾಲಿನಲ್ಲಿ ಬೆರೆಸಿದ ಮೇಲೆ ಕತ್ತಲಲ್ಲಿ, ತಂಪಿನಲ್ಲಿ ವಾರಗಟ್ಟಲೆ ಇಡಬೇಕು. ಅದಕ್ಕೆ ಮ್ಯಾಸರೇಶನ್ ಅನ್ನುತ್ತಾರೆ. ಓದಿ ಗೊತ್ತಿತ್ತು. ಆದರೆ ಬೆಳಿಗ್ಗೆ ಬೆರೆಸಿ ಮಧ್ಯಾಹ್ನ ಲಾರಿಗೆ ಹಾಕುವ ಫಿನೈಲು ಮಾಡಿ ಮಾಡಿ ಕಾಯೋದೇ ಮರೆತುಹೋಗಿತ್ತು. ಬೆರೆಸಿದ ಗಳಿಗೆಯಲ್ಲೇ ಮೂಸಲು ಕೊಟ್ಟರೆ ಹಸಿ ಅನ್ನದೆ ಅವಳು ಇನ್ನೇನು ಅಂದಾಳು?

ಒಂಬತ್ತನೇ ಸೂತ್ರವನ್ನು ಒಂದು ಹನಿಯೂ ಬದಲಿಸದೆ ಮತ್ತೆ ಬೆರೆಸಿ, ಬಾಟಲಿಯನ್ನು ಲ್ಯಾಬಿನ ಕತ್ತಲೆ ಕಪಾಟಿನಲ್ಲಿ ಇಟ್ಟೆವು. ಪಾಟೀಲರು ಬಂದಾಗ ನಾನು ನಡೆದದ್ದನ್ನೆಲ್ಲ ಹೇಳಿ, ಆರು ವಾರ ಕೇಳಿದೆ. ಅವರು ಗಹಗಹಿಸಿ ನಕ್ಕರು.

"ಹಸಿ ತೊಗಲು ಒಂದ ದಿನದಾಗ ಹದ ಆಕ್ಕೈತೇನ್ರೀ? ಇದನ್ನ ನನಗ ಹೇಳಬೇಕಾ? ಇಡ್ರಿ."

ಮಾಲೀಕರಿಗೂ ಅವರೇ ಹೇಳಿ ಒಪ್ಪಿಸಿದರು. ಸರಿ, ಆದರೆ ನನ್ನ ಕೆಲಸ ಉಳಿದಿದ್ದು ನಾಲ್ಕೇ ವಾರ. ದಿನಕ್ಕೆ ಹತ್ತು ಸಲ ಆ ಕಪಾಟಿನ ಮುಂದೆ ನಿಲ್ಲುತ್ತಿದ್ದೆ. ಎರಡು ಸಲ ಮುಚ್ಚಳ ತೆಗೆದೂ ಬಿಟ್ಟೆ. ಮೂರನೇ ಸಲ ರತ್ನಮ್ಮ ಬೀಗ ಹಾಕಿ, ಕೀಲಿ ಸೆರಗಿಗೆ ಗಂಟು ಹಾಕಿಕೊಂಡಳು. "ಪಾತ್ರೆ ಮುಚ್ಚಳ ಅಂಗೆ ತೆಗೀತಿದ್ರೆ ಬೇಯೋದ್ ಯಾವಾಗ?" ಅಂದಳು. ನಿವೃತ್ತಿಯ ದಿನ ಶಾಲು, ಹಾರ, ಫೋಟೊ ಎಲ್ಲ ಆಗಿ ನಾನು ಮನೆಗೆ ಬಂದೆ. ಬಾಟಲಿ ಅಲ್ಲೇ ಉಳಿಯಿತು.

ಸಂಜಯನಗರದ ಮನೆಯಲ್ಲಿ ಆ ಎರಡು ವಾರ ಹೇಗೆ ಕಳೆದೆನೋ. ಒಗ್ಗರಣೆ ಸೀಯಿಸಿದೆ, ಕಾರಣವಿಲ್ಲದೆ ಎಲ್ಲರ ಮೇಲೂ ಹರಿಹಾಯ್ದೆ. ತೆರೆಯುವ ದಿನ ಬಂತು, ಫೋನ್ ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ ಗೇಟು ಸದ್ದಾಯಿತು. ರತ್ನಮ್ಮ! ಬೆವರು ಸುರಿಯುತ್ತಿತ್ತು, ಎಡಗೈಯನ್ನು ಮಾತ್ರ ಏನಕ್ಕೂ ತಾಗದ ಹಾಗೆ ಎತ್ತಿ ಹಿಡಿದಿದ್ದಳು.

"ಶೀಸೆ ಆಚೆಗೆ ಬಿಡಲ್ಲ ಅಂದ್ರು ಮೇಡಂ. ಅದ್ಕೇ ಕೈಗೆ ಆಕ್ಕಂಡು ಬಂದೆ. ಯಲಂಕದಲ್ಲಿ ಬಸ್ ಅತ್ತಿದಾಗ ಅವರೆಕಾಯಿ ಮುರ್ದಂಗಿತ್ತು. ಪಕ್ಕದಲ್ಲಿ ಕೂತಿದ್ದಾಕೆ ತಿರುಗಿ ತಿರುಗಿ ನೋಡಿದ್ಳು. ಎಬ್ಬಾಳದಲ್ಲಿ ಮುಕ್ಕಾಲು ಗಂಟೆ ಟ್ರಾಫಿಕ್ಕು, ಅಲ್ಲಿ ಎಲೆ ನಿಧಾನಕ್ಕೆ ಓಯ್ತು, ತೊಗಲು ಎದ್ದು ಬಂತು. ಈಗ ನೀವೇ ನೋಡಿ."

ಅವಳ ಕೈ ಹಿಡಿದು ಮೂಸಿದೆ. ಬಿಸಿಲಿಗೆ ಕಾದ ಹೊಸ ಚರ್ಮ, ಅದರಡಿ ಒದ್ದೆ ಲಾವಂಚ. ಎಲ್ಲೂ ಜೋಡಿಸಿದ ಗುರುತಿರಲಿಲ್ಲ. ನಾನು ಅಷ್ಟು ಹಟ ಹಿಡಿದ ಹಸಿರು ಹೆಬ್ಬಾಳದಲ್ಲೇ ಆರಿಹೋಗಿತ್ತು. ಅದನ್ನು ನಾನು ಕಂಡದ್ದು ಅವಳ ಮಾತಿನಲ್ಲೇ. ಅವಳು ಹೇಳಿ ಮುಗಿಸುವ ತನಕ ನಾನು ನಡುವೆ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

"ಪಾಟೀಲರು?"

"ಮೂಸಿದೋರು ಕುರ್ಚಿ ಬಿಟ್ಟು ಏಳ್ನಿಲ್ಲ. ಗಂಟೆ ಕಳೆದ್ ಮೇಲೆ ಸೈ ಅಂದ್ರು."

ಇನ್ನೊಬ್ಬರ ಮಾತಿಗೆ ನಮ್ಮ ಅರ್ಥ ಹಚ್ಚುವ ಮುಂಚೆ ಒಂದು ಸಲ ಕೇಳಿಬಿಡಬೇಕು. ಮೂವತ್ತು ವರ್ಷದ ವೃತ್ತಿ ನನಗೆ ಅದನ್ನು ಕಲಿಸಿದ್ದು ಕೊನೇ ಎರಡು ತಿಂಗಳಲ್ಲಿ.

"ಅವತ್ತು ಎಲ್ಲರೆದುರು ಬೈದೆನಲ್ಲ, ತಪ್ಪಾಯ್ತು ಕಣೆ ರತ್ನಮ್ಮ" ಅಂದೆ.

ಅವಳು ನಾನು ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು ನಕ್ಕಳು.

"ಬಿಡಿ ಮೇಡಂ. ಆಗ ನೀವೂ ಇನ್ನೂ ಅಸಿ ಇದ್ರಿ."