ಕಾಯಿ ನೀರು

ಮಾದೇವಕ್ಕಾ, ಆ ಕಂಪ್ಯೂಟರ್ ಸುಟ್ಟದ್ದು ನಿಮ್ಮಿಂದಲ್ಲ, ನನ್ನಿಂದ. ನಿಮ್ಮ ಬಾಟಲಿಯಿಂದ ಒಂದು ಹನಿಯೂ ಚೆಲ್ಲಿರಲಿಲ್ಲ — ಅದು ನನಗೆ ಅಂದೇ ಗೊತ್ತಿತ್ತು.

ಸೇಡಂ ಬಸ್ ನಿಲ್ದಾಣದ ಹಿಂದಿನ ನಮ್ಮ ಟೈಪಿಂಗ್ ಅಂಗಡಿ ನೆನಪಿದೆಯಲ್ಲ. ನೀವು ಜನರ ಅರ್ಜಿ ಟೈಪು ಮಾಡುತ್ತಿದ್ದಿರಿ, ನಾನು ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ದಸರೆಯ ಖಂಡೇಪೂಜೆಯ ದಿನ ಮಾಲಕರು ಕಾಯಿ ಒಡೆಯುವ ಕೆಲಸ ನನಗೆ ಹೇಳಿದರು. ಮೊದಲು ಅವರ ಬೈಕಿಗೆ ಒಡೆದು ಗಾಲಿಯ ಮೇಲೆ ನೀರು ಬಿಟ್ಟೆ. ಅದೇ ಕೈ, ಅದೇ ರೂಢಿ — ಒಳಗೆ ಬಂದು ಇನ್ನೊಂದು ಕಾಯಿ ಒಡೆದು ನೀವು ಟೈಪು ಮಾಡುವ ಕಂಪ್ಯೂಟರಿನ ಡಬ್ಬಿಯ ತಲೆಯ ಮೇಲೂ ಬಿಟ್ಟೆ. ಚೆಂಡುಹೂವಿನ ಕೆಳಗೆ ಗಾಳಿಯಾಡುವ ತೂತುಗಳಿವೆ ಎಂಬುದನ್ನು ರಿಪೇರಿ ಮಾಡುವವನೇ ಮರೆತೆ! ನೀವು ಹೋಳಿಗೆಯ ಡಬ್ಬಿ ತರಲು ಹೋಗಿದ್ದಿರಿ, ಮಾಲಕರು ಹೊರಗೆ ಬೈಕಿನ ಹತ್ತಿರವಿದ್ದರು. ಯಾರೂ ನೋಡಲಿಲ್ಲ. ಟವೆಲ್ಲಿನಿಂದ ಮೇಲೆ ಮೇಲೆ ಒರೆಸಿಬಿಟ್ಟೆ.

ಆಗಲೂ ಉಳಿಸಬಹುದಿತ್ತು. ವೈರು ಕಿತ್ತು, ಡಬ್ಬಿ ಬಿಚ್ಚಿ, ಒರೆಸಿ, ಎರಡು ದಿನ ಒಣಗಲು ಬಿಟ್ಟಿದ್ದರೆ — ಊರಿಗೆಲ್ಲ ನಾನೇ ಹೇಳುವ ಬುದ್ಧಿ ಅದು. ಆದರೆ ಪೂಜೆಗಿಟ್ಟ ಸಾಮಾನನ್ನು ಅಂದು ಮುಟ್ಟುವಂತಿಲ್ಲ. ಮುಟ್ಟಿದರೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಹೇಳಬೇಕು... ಬೆಳಗಾಗುವುದರೊಳಗೆ ಒಣಗೀತು ಬಿಡು ಎಂದುಕೊಂಡೆ.

ಮರುದಿನ ಸ್ವಿಚ್ ಒತ್ತಿದವರು ನೀವು. ಟಪ್ ಎಂದಿತು, ಸುಟ್ಟ ವಾಸನೆ ಬಂತು. ನಾನು ಡಬ್ಬಿ ಬಿಚ್ಚಿ ನೋಡಿದೆ. ಒಳಗಿನ ಬೋರ್ಡಿನ ಮೇಲೆ ಜಿಗುಟು ಕಲೆ. ಬರೀ ನೀರು ಹಾಗೆ ಅಂಟುವುದಿಲ್ಲ.

“ಏನಾಗ್ಯಾದೋ?” ಮಾಲಕರು ಕೇಳಿದರು.

“ನೀರ ಬಿದ್ದಾವ್ರಿ.”

ಅಷ್ಟೇ ಅಂದೆ. ಸುಳ್ಳಲ್ಲ — ಕಾಯಿಯೊಳಗಿರುವುದಕ್ಕೂ ನಾವು ನೀರೇ ಅನ್ನುತ್ತೇವೆ. ಮಾಲಕರ ಕಣ್ಣು ಮೇಜಿನ ಮೇಲಿದ್ದ ನಿಮ್ಮ ಬಾಟಲಿಯತ್ತ ಹೋಯಿತು. ಅಲ್ಲಿಗೇ ಹೋಗುತ್ತದೆಂದು ಗೊತ್ತಿದ್ದೇ ನಾನು ಹಾಗೆ ಹೇಳಿದ್ದು.

ನೀವು ಜಗಳಕ್ಕೆ ನಿಲ್ಲುತ್ತೀರಿ ಎಂದುಕೊಂಡಿದ್ದೆ. “ಮುಚ್ಚಳ ಬಿಗಿ ಹಾಕಿದ್ನಲ್ರಿ,” ಅಂದಿರಿ. ಆಮೇಲೆ ಬಾಟಲಿಯನ್ನೇ ನೋಡುತ್ತಾ, ಸಣ್ಣ ದನಿಯಲ್ಲಿ — “ಹಾಕಿದ್ನೋ ಇಲ್ಲೋ...”

ಮಾಲಕರು ಬೈಯಲಿಲ್ಲ. “ಇನ್ನ ನೀವು ಝೆರಾಕ್ಸ್ ಕಡಿ ಇರ್ರಿ ಅಕ್ಕಾ,” ಅಂದರು. ಕೀಲಿಮಣೆ ನೋಡದೆ ಕನ್ನಡ ಟೈಪು ಮಾಡುವ ನೀವು ಝೆರಾಕ್ಸ್ ಕಾಗದ ಜೋಡಿಸತೊಡಗಿದಿರಿ. ದೀಪಾವಳಿಯ ಹೊತ್ತಿಗೆ ಕೆಲಸವನ್ನೇ ಬಿಟ್ಟಿರಿ. ಹೊಸ ಕಂಪ್ಯೂಟರಿನ ಮುಂದೆ ನಾನು ಕುಳಿತೆ. ನನಗೆ ಟೈಪಿಂಗ್ ಕಲಿಸಿದವರು ನೀವೇ, ನಿಮ್ಮ ಬುತ್ತಿಯ ರೊಟ್ಟಿ ತಿಂದೇ ಕಲಿತೆ. ಉಂಡ ಮನೆಯ ಜಂತಿ ಎಣಿಸುವುದು ಅಂದರೆ ಇದೇ ಇರಬೇಕು.

ಮೊನ್ನೆ ವಾಡಿ ಸ್ಟೇಷನ್ನಿನಲ್ಲಿ ನೀವು ನಾಲವಾರದ ರೈಲಿಗೆ ಕಾಯುತ್ತಿದ್ದಿರಿ. ನೀರು ಕುಡಿದು, ಮುಚ್ಚಳ ಹಾಕಿ, ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದಿರಿ. ಮುಚ್ಚಳವನ್ನು ಮತ್ತೆ ತಿರುವಿ, ಮತ್ತೆ ನೋಡಿದಿರಿ. ನನ್ನನ್ನು ಕಂಡು ನಕ್ಕಿರಿ.

“ಅವತ್ತ ನನ್ನ ಮರೆವಿನಿಂದ ನಿನಗ ಭಾಳ ತ್ರಾಸ ಆತು, ತಮ್ಮಾ. ಮನಸ್ಸಿನಾಗ ಇಟ್ಕೋಬ್ಯಾಡ.”

ನನ್ನ ತಪ್ಪಿಗೆ ನೀವು ಕ್ಷಮೆ ಕೇಳಿದಿರಿ. ಆಗಲಾದರೂ ಬಾಯಿ ಬಿಡಬೇಕಿತ್ತು — ರೈಲು ಬಂತು, ನಿಮ್ಮ ಚೀಲ ಎತ್ತಿ ಒಳಗಿಟ್ಟೆ, ಅಷ್ಟೇ. ನಿಮ್ಮ ಕೆಲಸ ಮಾತ್ರವಲ್ಲ, ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆಂದು ಅಂದು ತಿಳಿಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇಂದು ಬೆಳಿಗ್ಗೆ ಮಾಲಕರಿಗೆ ಎಲ್ಲವನ್ನೂ ಹೇಳಿದೆ. ಭಾನುವಾರ ನಾಲವಾರದ ನಿಮ್ಮ ಮನೆಗೆ ಬಂದು ನಿಮ್ಮೆದುರು ನಿಂತು ಇದನ್ನೇ ಹೇಳುತ್ತೇನೆ. ಬೈಯಿರಿ, ಬಾಗಿಲಿನಿಂದಲೇ ಕಳಿಸಿರಿ. ಆ ಬಾಟಲಿಯನ್ನು ಮಾತ್ರ ಇನ್ನು ತಲೆಕೆಳಗು ಮಾಡಿ ನೋಡಬೇಡಿ. ಅಂದು ನೀವು ಮುಚ್ಚಳ ಬಿಗಿಯಾಗಿಯೇ ಹಾಕಿದ್ದಿರಿ, ಅಕ್ಕಾ.