ನಾಲ್ಕು ಮನೆ ದಾಟದ ಕರೆ

ಕಮಲಕ್ಕ, ಆ ವರ್ಷ ಪಂಚಮಿಗೆ ನಿನ್ನ ತವರಿನವರು ನಿನ್ನನ್ನು ಕರೆದಿದ್ದರು. ನಾನು ನಿನಗೆ ಹೇಳಲಿಲ್ಲ.

ಇಷ್ಟನ್ನು ಬರೆಯಲು ಇಪ್ಪತ್ತೆರಡು ವರ್ಷ ಹಿಡಿಯಿತು. ಬರೆದಾದ ಮೇಲೆ ನೋಡಿದರೆ ಎರಡೇ ಸಾಲು. ಮರೆತುಬಿಟ್ಟೆ ಎಂದು ಬರೆಯಬಹುದಿತ್ತು — ಹಬ್ಬದ ಗಡಿಬಿಡಿ, ನಾದಿನಿಯರು ಬರುವ ಹೊತ್ತು, ನನ್ನ ತಲೆಯೇ ತೂತು — ನೀನು ನಂಬುತ್ತಿದ್ದೆ, ಮರುಮಾತಿಲ್ಲದೆ ನಂಬಿ, ‘ಹೋಗ್ಲಿ ಬಿಡ’ ಎನ್ನುತ್ತಿದ್ದೆ. ಅದಕ್ಕೇ ಹಾಗೆ ಬರೆಯುವುದಿಲ್ಲ. ನಾನು ಮರೆತಿರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಬೇಕೆಂದೇ ನುಂಗಿದೆ.

ನಿನಗೆ ನೆನಪಿದೆಯಲ್ಲ, ಆಗ ವಡಗಾವಿಯ ನಮ್ಮ ಗಲ್ಲಿಯಲ್ಲಿ ಫೋನಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮಾವನವರು ಗುಮಾಸ್ತರಾಗಿದ್ದ ದಲಾಲಿ ಅಂಗಡಿಯವರು ಹಾಕಿಸಿಕೊಟ್ಟದ್ದು. ಆದರೆ ಅದು ನಮ್ಮದು ಎಂದು ಗಲ್ಲಿಯಲ್ಲಿ ಒಬ್ಬರೂ ತಿಳಿದಿರಲಿಲ್ಲ. ಎಲ್ಲರ ನೆಂಟರ ಬಳಿಯೂ ಅದೇ ನಂಬರು. ಯಾರ ಮನೆಯ ಲಗ್ನಪತ್ರಿಕೆಯಾದರೂ ಕೆಳಗೆ ಅದೇ ನಂಬರು, ಪಕ್ಕದಲ್ಲಿ ‘ಪಿಪಿ’ ಎಂಬ ಎರಡಕ್ಷರ. ಹೊಸ ಸೊಸೆಯಾದ ನನ್ನ ಕೆಲಸವೆಂದರೆ ಫೋನೆತ್ತುವುದು, ‘ಹತ್ತ ನಿಮಿಷ ಬಿಟ್ಟ ಮಾಡ್ರಿ’ ಎನ್ನುವುದು, ಸೆರಗು ಸಿಕ್ಕಿಸಿಕೊಂಡು ಓಡುವುದು. ಯಾರ ಮಗಳು ಬಸುರಿ, ಯಾರ ಮಗನಿಗೆ ಎಲ್ಲಿ ಹೆಣ್ಣು ನೋಡಿದ್ದಾರೆ, ಎಲ್ಲ ಮೊದಲು ನನ್ನ ಕಿವಿಗೆ. ಒಂದು ಮಾತನ್ನೂ ಹೆಚ್ಚು ಕಡಿಮೆ ಮಾಡದೆ ಮುಟ್ಟಿಸುತ್ತಿದ್ದೆ. ಅತ್ತೆಯವರು ನನ್ನನ್ನು ಹೊಗಳಿದ್ದು ಬಹುಶಃ ಇದೊಂದಕ್ಕೇ.

ನಿನ್ನ ಮನೆ ನಮ್ಮಿಂದ ನಾಲ್ಕನೆಯದು. ಮೊದಲ ದಿನ ನಾನು ಹೆದರುತ್ತ ‘ಬರ್ರಿ, ಕುಂದರ್ರಿ’ ಎಂದಾಗ ನೀನು, “ರೀ ಗೀ ಎಲ್ಲಾ ಬ್ಯಾಡ ತಗೀ. ಅಕ್ಕಾ ಅನ್ನು, ಸಾಕು” ಎಂದೆ. ಅಂದಿನಿಂದ ನಾನು ಬೇರೇನೂ ಅಂದಿಲ್ಲ. ನನಗೆ ಆರು ವರ್ಷವಿದ್ದಾಗ ಅವ್ವ ಹೋಗಿದ್ದಳು, ಅಣ್ಣತಮ್ಮಂದಿರಿಲ್ಲ. ‘ಅಕ್ಕಾ’ ಎಂದು ಕರೆಯಲು ಒಬ್ಬಳು ಸಿಕ್ಕಳು ಎಂದು ನಾನು ಎಷ್ಟು ಹಿಗ್ಗಿದೆನೆಂದರೆ — ಇರಲಿ, ಅದನ್ನು ಇಲ್ಲಿ ಬರೆದರೆ ನೆಪ ಹೇಳಿದಂತಾಗುತ್ತದೆ.

ಪ್ರತಿ ವರ್ಷ ಪಂಚಮಿಗೆ ನಾಲ್ಕು ದಿನ ಇರುವಾಗ ನಿನ್ನ ತಮ್ಮ ಮಲ್ಲೇಶಿ ಗಲ್ಲಿಯ ತಿರುವಿನಲ್ಲಿ ಕಾಣಿಸುತ್ತಿದ್ದ. ಖಾನಾಪುರ ದಾಟಿ ಜಾಂಬೋಟಿ ರಸ್ತೆಯ ನಿಮ್ಮ ಊರಿನ ಮಳೆಯನ್ನೆಲ್ಲ ತನ್ನ ಕೊಡೆಯಲ್ಲೇ ಹೊತ್ತು ತಂದವನಂತೆ ತೊಟ್ಟಿಕ್ಕುತ್ತ ಬರುತ್ತಿದ್ದ. ಕರೆಯಲು ಯಾರೂ ಬಾರದೆ ಪಂಚಮಿಗೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಒಬ್ಬರು ಬರಬೇಕು, ಚಹಾ ಕುಡಿಯಬೇಕು, ‘ಅಕ್ಕಾನ ಕಳಸ್ರಿ’ ಎಂದು ಬಾಯಿ ಬಿಟ್ಟು ಕೇಳಬೇಕು. ಆಮೇಲೆ ನೀನು ಮಗಳನ್ನು ಎತ್ತಿಕೊಂಡು, ಚೀಲವನ್ನು ಅವನ ಕೈಗೆ ಕೊಟ್ಟು, ಒಂದು ಸಲವೂ ಹಿಂತಿರುಗಿ ನೋಡದೆ ನಡೆದುಬಿಡುತ್ತಿದ್ದೆ. ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಮರುದಿನ ನನ್ನ ನಾದಿನಿಯರು ತಮ್ಮ ತವರಿಗೆ, ಅಂದರೆ ನಮ್ಮ ಮನೆಗೆ ಬರುತ್ತಿದ್ದರು. ಅವರಿಗೆ ಉಂಡೆ ಕಟ್ಟಿಕೊಡುವುದು ನನ್ನ ಪಂಚಮಿ. ಮೂರು ವರ್ಷ ಹೀಗೇ ಆಯಿತು.

ನಾಲ್ಕನೆಯ ವರ್ಷ ಹಬ್ಬಕ್ಕೆ ಎಂಟು ದಿನ ಮೊದಲು, ಬೆಳಗಿನ ಹೊತ್ತು ಫೋನು ಬಂತು. ಹೊರಗೆ ಸಣ್ಣ ಜಿಟಿಜಿಟಿ, ಗಲ್ಲಿಯ ಮಗ್ಗಗಳ ಖಟಖಟ. ಖಾನಾಪುರದ ಬೂತಿನಿಂದ ಮಲ್ಲೇಶಿ.

“ಈ ಸರ್ತಿ ನನಗ ಬರಾಕ ಆಗಂಗಿಲ್ಲರೀ. ನಾಟಿ ಇನ್ನ ಮುಗದಿಲ್ಲ, ಆಳು ಸಿಗವಲ್ಲರು. ಇದನ್ನ ಬಂದ ಕರದಂಗ ತಿಳ್ಕೊ ಅಂತ ಅಕ್ಕಾಗ ಹೇಳ್ರಿ. ರೊಟ್ಟಿ ಪಂಚಮಿ ದಿನ ಖಾನಾಪುರ ಸ್ಟ್ಯಾಂಡಿನ್ಯಾಗ ನಿಂತಿರ್ತೇನಿ, ಹನ್ನೊಂದರ ಬಸ್ಸಿಗೆ ಬಾ ಅನ್ರಿ.”

ಹತ್ತು ನಿಮಿಷ ಬಿಟ್ಟು ಮಾಡಿ, ಅಕ್ಕನನ್ನೇ ಕರೆಯುತ್ತೇನೆ ಎಂದೆ. ಬಸ್ಸು ಬಂದು ನಿಂತಿದೆ, ಆಗುವುದಿಲ್ಲ ಎಂದ. “ನೀವು ಹೇಳಿದ್ರ ಆತ ಬಿಡ್ರಿ” ಎಂದ.

ನಾನು ಹೊರಟದ್ದು ಹೇಳಲಿಕ್ಕೆಂದೇ, ಅಕ್ಕ. ಇದನ್ನಾದರೂ ನಂಬು. ನೀನು ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಎಳ್ಳು ಹಸನು ಮಾಡುತ್ತ ಕೂತಿದ್ದೆ. ಮೂರು ವರ್ಷದ ವಿಜಯಾ ನಿನ್ನ ಬೆನ್ನಿಗೆ ಜೋತುಬಿದ್ದಿದ್ದಳು. ನನ್ನನ್ನು ಕಂಡವಳೇ, “ಶೈಲಾ, ಮಲ್ಲೇಶಿ ಬರೂದ್ರಾಗ ನಿನಗ ನಾಕ ಎಳ್ಳುಂಡಿ ಕಟ್ಟಿಟ್ಟ ಹೋಗ್ತೇನಿ, ನಾ ಇಲ್ಲಂತ ಮಾರಿ ಸಣ್ಣ ಮಾಡ್ಕೊಂಡ ಕುಂದರಬ್ಯಾಡ” ಎಂದೆ. ನಾನು ಬಾಯಿ ತೆರೆದೆ. ಬಂದ ಮಾತು — “ಅಕ್ಕಾ, ಚಹಾಪುಡಿ ಐತೇನ?”

ಮನೆಯಲ್ಲಿ ಡಬ್ಬಿ ತುಂಬ ಚಹಾಪುಡಿ ಇತ್ತು. ನೀನು ಕೊಟ್ಟ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿ ಬಂದೆ. ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆಯಾದ ಮೇಲೆ ನಾಳೆ. ನಿರ್ಧಾರ ಮಾಡಿದೆ ಎನ್ನಲಾರೆ. ಆ ಶ್ರಾವಣದ ಮಂಜಿನಲ್ಲಿ ಎದುರಿನ ಮನೆ ಮೆಲ್ಲಗೆ ಕಾಣದಾಗುವಂತೆ, ಹೇಳಬೇಕಾದ ಮಾತು ದಿನದಿನಕ್ಕೂ ಕಾಣದಾಗುತ್ತ ಹೋಯಿತು. ಅದರ ಜಾಗದಲ್ಲಿ ಇನ್ನೊಂದು ಕಾಣತೊಡಗಿತು. ಆಚೆಮನೆಯ ಮರಾಠಿ ಆಜಿಯ ಹಿತ್ತಲಿನ ಮಾವಿನ ಮರ, ಅದಕ್ಕೊಂದು ಜೋಕಾಲಿ, ಅದರಲ್ಲಿ ನಾನು, ಹಿಂದೆ ನಿಂತು ಜೀಕುವವಳು ನೀನು. ಒಂದೇ ಒಂದು ವರ್ಷ. ಒಂದು ವರ್ಷ ಹೋಗದಿದ್ದರೆ ಏನಾಗುತ್ತದೆ — ಹಾಗೆ ಅಂದುಕೊಂಡೆ. ಹೊಟ್ಟೆಕಿಚ್ಚೂ ಇತ್ತು, ಅದನ್ನೂ ಬರೆಯುತ್ತೇನೆ.

ನೀನು ಕಾದೆ. ಚೀಲ ಕಟ್ಟಿ ಬಾಗಿಲ ಮೂಲೆಯಲ್ಲಿಟ್ಟು, ದಿನಕ್ಕೆ ಹತ್ತು ಸಲ ಗಲ್ಲಿಯ ತಿರುವು ನೋಡಿದೆ. ಹಬ್ಬದ ಹಿಂದಿನ ದಿನ, ರೊಟ್ಟಿ ಪಂಚಮಿಯ ಮಧ್ಯಾಹ್ನ, ಎಲ್ಲರ ಮನೆಗೂ ರೊಟ್ಟಿ ಪಲ್ಯ ಹಂಚುತ್ತ ನಮ್ಮ ಮನೆಗೆ ಬಂದು, ತಟ್ಟೆ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದೆ.

“ಫೋನ್ ಏನರ ಬಂದಿತ್ತೇನ, ಶೈಲಾ?”

“ಇಲ್ಲಕ್ಕಾ” ಎಂದೆ.

ಆ ಹೊತ್ತಿಗೆ ಮಲ್ಲೇಶಿ ಖಾನಾಪುರದ ಸ್ಟ್ಯಾಂಡಿನಲ್ಲಿ ನಿಂತಿದ್ದ. ಹನ್ನೊಂದರ ಬಸ್ಸು, ಹನ್ನೆರಡರದು, ಎರಡೂವರೆಯದು ನೋಡಿದನಂತೆ. ಸಂಜೆ ಮತ್ತೆ ಅದೇ ಬೂತಿನಿಂದ ಫೋನು ಮಾಡಿ, “ಹೇಳಿದ್ರಿಲ್ಲೋ?” ಎಂದು ಕೇಳಿದ. ಆಗಲಾದರೂ — ಮರೆತೆನಪ್ಪ, ತಪ್ಪಾಯಿತು ಎನ್ನಬಹುದಿತ್ತು. ಮರುದಿನ ಬೆಳಗಿನ ಬಸ್ಸಿಗೆ ನೀನು ಹೋಗಿ ಹಾಲೆರೆಯಬಹುದಿತ್ತು. ನಾನು ಹೇಳಿದ್ದು ಇದು: “ಹೇಳೇನ್ರಿ. ಬರಂಗಿಲ್ಲಂತ.”

ಅವನು “ಆತ ಬಿಡ್ರಿ” ಎಂದು ಇಟ್ಟುಬಿಟ್ಟ.

ಇನ್ನು ಆ ಪಂಚಮಿ. ಈಗಲೂ ಗಲ್ಲಿಯವರು ‘ಆ ವರ್ಷದ ಪಂಚಮಿ’ ಎಂದು ನೆನೆಯುವುದು ಅದನ್ನೇ. ಮಗ್ಗಗಳು ನಿಂತಿದ್ದವು. ವರ್ಷವೆಲ್ಲ ಖಟಖಟ ಕೇಳಿದ ಕಿವಿಗೆ ಆ ಮೌನ ಎಷ್ಟು ಹೊಸದಾಗಿತ್ತು! ಎಲೆಗಳಿಂದ ಹನಿ ಬೀಳುವುದೂ ಕೇಳುತ್ತಿತ್ತು. ನೀನು ನಿನ್ನ ನೋವನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿ ಹಬ್ಬವನ್ನು ಕೈಗೆ ತೆಗೆದುಕೊಂಡೆ. ಆಜಿಯನ್ನೂ ಬಿಡದೆ ಜೋಕಾಲಿಗೆ ಹತ್ತಿಸಿದೆ. ಅವಳು ‘ಅಗ ಬಾಯಿ, ಸೋಡ ಮಲಾ’, ಬಿಡೇ ನನ್ನನ್ನು ಎಂದು ಕೂಗುತ್ತಲೇ ನಗುತ್ತಿದ್ದಳು. ನನ್ನ ನಾದಿನಿಯರಿಗೆ, “ಇವತ್ತ ಶೈಲಾ ಅಡಗಿಮನಿಗೆ ಹೋಗಂಗಿಲ್ಲ, ನಿಮ್ಮ ಉಂಡಿ ನೀವು ತಗೊಂಡ ತಿನ್ರಿ” ಎಂದೆ. ಆಮೇಲೆ ನನ್ನನ್ನು ಕೂರಿಸಿ ಜೀಕಿದೆ. ಮೇಲಕ್ಕೆ ಹೋದಾಗ ಹೆಂಚುಗಳ ಸಾಲು, ಅದರಾಚೆ ಬರೀ ಬಿಳಿಯ ಮಂಜು, ಊರೇ ಇಲ್ಲವೇನೋ ಎನ್ನುವಂತೆ. ಕೆಳಗೆ ಬಂದಾಗ ಬೆನ್ನಿಗೆ ತಾಗುವ ನಿನ್ನ ಎರಡು ಅಂಗೈ. ನಾನು ಸುಖವಾಗಿದ್ದೆ, ಅಕ್ಕ. ಸುಳ್ಳು ಹೇಳಿದ ಮರುದಿನ, ಎಲ್ಲ ಗೊತ್ತಿದ್ದೂ, ನನ್ನ ಬದುಕಿನಲ್ಲೇ ಅತಿ ಸುಖವಾಗಿದ್ದೆ. ಅಂಥ ದಿನ ಮತ್ತೆ ಬರಲಿಲ್ಲ.

ಬೆಳಿಗ್ಗೆ ಹುತ್ತದ ಮಣ್ಣಿನ ನಾಗಪ್ಪನಿಗೆ ಹಾಲೆರೆದೆವಲ್ಲ — ಹಾಲಿನ ಗಿಂಡಿ ಹಿಡಿದು ಪಕ್ಕದಲ್ಲಿ ನಿಂತವಳು ನಾನು. ನೀನು ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಿಗೂ ಒಂದೊಂದು ಹನಿ ಬಿಡುತ್ತ ಬಂದೆ. ‘ತಮ್ಮನ ಪಾಲು’ ಎನ್ನುವಲ್ಲಿ ನಿನ್ನ ಕೈ ನಿಂತಿತು. ಬಿಟ್ಟುಬಿಡುತ್ತೀಯೇನೋ ಅಂದುಕೊಂಡೆ. ನೀನು ಬಿಡಲಿಲ್ಲ, ಎರೆದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಬಿಟ್ಟಿಲ್ಲ.

ಆವತ್ತು ಸಂಜೆ ನನ್ನ ಕೈಗೆ ಎಳ್ಳುಂಡಿ ಇಟ್ಟು, “ಇನ್ನ ಮುಂದ ನೀನಽ ನನ್ನ ತವರಮನಿ ನೋಡ” ಎಂದೆ. ನಾನು ಅದನ್ನು ತಿಂದೆ.

ಆಮೇಲಿನದು ನಿನಗೇ ಗೊತ್ತು, ಅರ್ಧ ಮಾತ್ರ. ಮರುವರ್ಷ ಅವನು ಬರಲಿಲ್ಲ. ಬರಂಗಿಲ್ಲ ಅಂದವಳನ್ನು ಮತ್ತೆ ಹೇಗೆ ಕರೆಯಲಿ ಎಂದುಕೊಂಡಿರಬೇಕು. ನೀನು ಹೋಗಲಿಲ್ಲ, “ಕರೀಲಾರದ ಮನಿಗೆ ಹೆಂಗ ಹೋಗ್ಲಿ?” ಎಂದೆ. ಇಬ್ಬರದೂ ಒಂದೇ ರಕ್ತ, ಒಂದೇ ಹಟ. ಅದಾದ ಮೂರನೆಯ ವರ್ಷ ನಿನ್ನ ಅವ್ವ ಹೋದ ಸುದ್ದಿ ನಮ್ಮ ಫೋನಿಗೇ ಬಂತು. ಅದನ್ನು ಮಾತ್ರ ಓಡಿಬಂದು ಹೇಳಿದೆ.

ನಿನ್ನ ಜೊತೆ ಮಣ್ಣಿಗೆ ನಾನೂ ಬಂದಿದ್ದೆ. ಅಂಗಳದಲ್ಲಿ ಮಲ್ಲೇಶಿ ನಿನ್ನನ್ನು ನೋಡಿ, “ಆವಾಗ ಬರಲಿಲ್ಲ, ಈಗ ಬಂದಿ?” ಎಂದ. ನೀನು ಏನನ್ನೂ ಕೇಳಲಿಲ್ಲ, ಅವ್ವನ ಕಾಲ ಬಳಿ ಕೂತುಬಿಟ್ಟೆ. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ, “ತಾನು ಕರೀಲಿಲ್ಲ, ಮ್ಯಾಲ ನನಗಽ ಬೈತಾನ” ಎಂದು ಒಂದೇ ಸಲ ಅಂದೆ. ನಾನು ನಿನ್ನ ಬಾಜು ಕೂತಿದ್ದೆ. ಖಾನಾಪುರದಿಂದ ಬೆಳಗಾವಿಯ ನಮ್ಮ ವಡಗಾವಿಯವರೆಗೆ, ಅಷ್ಟು ದೂರ, ನಾನು ಬಾಯಿ ತೆರೆಯಬಹುದಿತ್ತು. ಮೊದಲಿನ ಎರಡು ಸುಳ್ಳುಗಳಿಗಿಂತ ಈ ಸುಮ್ಮನಿರುವಿಕೆಯೇ ದೊಡ್ಡ ಪಾಪ ಎಂದು ನನಗೆ ಅನ್ನಿಸುತ್ತದೆ. ಹೇಳಿದರೆ ನೀನು ನನ್ನನ್ನು ಬಿಟ್ಟುಬಿಡುತ್ತೀಯ ಎಂದು ಹೆದರಿದ್ದೆ. ನಿನಗೆ ತವರು ಇಲ್ಲದಂತೆ ಮಾಡಿ, ನನ್ನ ತವರನ್ನು ಉಳಿಸಿಕೊಂಡೆ.

ಈಗ ಗಲ್ಲಿಯಲ್ಲಿ ಮಗ್ಗಗಳು ಕಡಿಮೆಯಾಗಿವೆ, ಎಲ್ಲರ ಕೈಯಲ್ಲೂ ಮೊಬೈಲಿದೆ. ಆದರೂ ನೀನು ಮೊನ್ನೆ ಮೊಣಕಾಲು ನೋವು ಇಟ್ಟುಕೊಂಡು ವಿಜಯಾಳನ್ನು ಪಂಚಮಿಗೆ ಕರೆಯಲು ಸಾಂಬ್ರಾಕ್ಕೆ ಹೋದೆ. ಅಳಿಯ, ಫೋನು ಮಾಡಿದ್ದರೆ ಸಾಕಿತ್ತಲ್ಲ ಎಂದನಂತೆ. ತಿರುಗಿ ಬಂದು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಹೇಳಿದೆ: “ಕರ್ಯಾಕ ಯಾರೂ ಬರಲಿಲ್ಲಂದ್ರ ಹೆಣ್ಣಮಕ್ಕಳಿಗೆ ಹೆಂಗ ಆಗತೈತಿ, ನನಗ ಗೊತ್ತೈತಿ, ಶೈಲಾ. ನನ್ನ ಮಗಳಿಗೆ ಅದು ಬ್ಯಾಡ.” ನಾನು ಎದ್ದು ಒಳಗೆ ಹೋದೆ. ಸಕ್ಕರೆ ತರಲಿಕ್ಕೆ ಎಂದುಕೊಂಡೆ ನೀನು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತು. ಇವತ್ತು ಮಧ್ಯಾಹ್ನ ಇದನ್ನು ತಂದು ನಿನ್ನ ಎದುರಿಗೇ ಕೂತು ಓದುತ್ತೇನೆ. ನಾಳೆ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿ ಮಲ್ಲೇಶಿಗೂ ಹೇಳುತ್ತೇನೆ, ಅವನ ಅಂಗಳದಲ್ಲಿ, ಅವನ ಹೆಂಡತಿ ಮಕ್ಕಳು ಕೇಳುವಂತೆ. ಹಬ್ಬಕ್ಕೆ ಇನ್ನೂ ಐದು ದಿನವಿದೆ. ಅವನು ಬರುತ್ತಾನೋ ಇಲ್ಲವೋ, ನೀನು ಹೋಗುತ್ತೀಯೋ ಇಲ್ಲವೋ, ಮುಂದೆ ನನಗೆ ನಿನ್ನ ಬಾಗಿಲು ತೆರೆಯುತ್ತದೆಯೋ ಇಲ್ಲವೋ — ಅದು ನಿಮಗೆ ಸೇರಿದ್ದು.

ಒಂದು ಉಳಿದಿದೆ. ಇದನ್ನು ಇಲ್ಲಿಯವರೆಗೂ ಬರೆಯಲಾಗಲಿಲ್ಲ. ಹಬ್ಬಕ್ಕೆ ಎಂಟು ದಿನ ಮೊದಲಿನ ಆ ಫೋನಿನಲ್ಲಿ, ಮಲ್ಲೇಶಿಯ ಮಾತು ಮುಗಿದ ಮೇಲೆ ಫೋನನ್ನು ನಿನ್ನ ಅವ್ವ ಇಸಿದುಕೊಂಡಿದ್ದಳು. ಸಂತೆಗೆಂದು ಅವನ ಜೊತೆ ಬಂದಿದ್ದಳಂತೆ. ಫೋನಿನಲ್ಲಿ ಮಾತಾಡಿ ರೂಢಿ ಇರಲಿಲ್ಲವೇನೋ, ಹೊಲದ ಆಚೆ ಬದುವಿನವರನ್ನು ಕರೆದಂತೆ ಕೂಗಿದಳು.

“ಯವ್ವಾ, ನಮ್ಮ ಕಮಲಿಗೆ ಹೇಳವ್ವಾ. ತಮ್ಮ ಬರಲಿಲ್ಲಂತ ಸಿಟ್ಟಾಗಿ ಕುಂದರಬ್ಯಾಡ ಅನ್ನು, ನಾನಽ ಕರ್ಯಾಕತ್ತೇನಿ ಅನ್ನು. ಜೋಕಾಲಿಗೆ ಹೊಸಾ ಹಗ್ಗ ತಗೊಂಡೇನಿ. ಆಕಿ ಬಂದ ಮ್ಯಾಲೆನಽ ಕಟ್ಟತೇವಿ ಅನ್ನು.”

ಹೂಂ ರೀ, ಹೇಳ್ತೇನಿ ಅಂದಿದ್ದೆ. ಈಗ ಹೇಳುತ್ತಿದ್ದೇನೆ, ಅಕ್ಕ. ಅವ್ವ ನಿನ್ನನ್ನು ಕರೆದಿದ್ದಳು.